ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬೀಚಿನ ಸಂಗೀತ ಸಂಜೆಗೆ: ಮಂಗಳೂರು, ಉಡುಪಿಯ ಅಪ್ಪ ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಟಿಕೆಟ್‌ಗೆ ದುಡ್ಡು ಕೊಟ್ಟ ಕಾರ್ಯಕ್ರಮವನ್ನು ಯಾರೂ ಸುಲಭಕ್ಕೆ ತಪ್ಪಿಸುವುದಿಲ್ಲ. ಫ್ರೀ ಇರುವುದನ್ನು ಎಲ್ಲರೂ ತಪ್ಪಿಸುತ್ತಾರೆ. ಮಗು ಎರಡು ಸಲ ಸೀನಿದರೆ ಸಾಕು, "ಇವತ್ತು ಬೇಡ ಬಿಡಿ, ಮುಂದಿನ ವರ್ಷ ನೋಡೋಣ" ಎಂದು ಸೋಫಾ ಮೇಲೆ ಕೂತುಬಿಡುತ್ತೇವೆ. ಕೈಯಿಂದ ಒಂದು ರೂಪಾಯಿಯೂ ಹೋಗಲಿಲ್ಲ, ಅಲ್ವಾ? ಆದರೆ ಗಂಡ ಹೆಂಡತಿ ಇಬ್ಬರೇ ಹೊರಗೆ ಹೋಗುವ ಅಪರೂಪದ ಒಂದು ಸಂಜೆ ಹೋಯಿತು.

2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಕಾಲೇಜಿನಲ್ಲಿದ್ದವರು ಈಗ ಯುಕೆಜಿ, ಮೂರನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮ. ಹಾಸ್ಟೆಲ್ ರೂಮಿನಲ್ಲಿ ಇಂಡಿಯನ್ ಓಷನ್, ಸ್ವರಾತ್ಮ ಬ್ಯಾಂಡ್‌ಗಳ ಹಾಡು ಕೇಳಿಕೊಂಡು ಬೆಳೆದವರು ಈಗ ಮಲಗುವ ಹೊತ್ತಿಗೆ ಮಕ್ಕಳ ಹಾಡು ಬಿಟ್ಟು ಬೇರೇನೂ ಕೇಳುತ್ತಿಲ್ಲ. ಅಂಥ ಒಂದು ಬ್ಯಾಂಡ್ ನಮ್ಮೂರಿನ ಬೀಚಿಗೇ ಬಂದು ಧರ್ಮಕ್ಕೆ ಹಾಡುತ್ತದೆ ಎಂದಾಗ ಹೋಗಲೇಬೇಕು. ಅದಕ್ಕೆ ಟಿಕೆಟ್ ಇರುವ ಕಾರ್ಯಕ್ರಮಕ್ಕಿಂತ ಜಾಸ್ತಿ ತಯಾರಿ ಬೇಕು. ಕೂರುವ ಜಾಗ ಗೊತ್ತಿಲ್ಲ, ಶುರುವಾಗುವ ಹೊತ್ತು ಗೊತ್ತಿಲ್ಲ, ಹೋಗದಿದ್ದರೆ ಕೇಳುವವರೂ ಇಲ್ಲ. ಆದ್ದರಿಂದ ಸಾವಿರ ರೂಪಾಯಿ ಕೊಟ್ಟು ಟಿಕೆಟ್ ತೆಗೆದಿದ್ದೇವೆ ಅಂದುಕೊಂಡೇ ತಯಾರಾಗಿ.

ದಿನ ಗೊತ್ತಾದ ಕೂಡಲೇ

ನಮ್ಮ ಕಡೆ ಬಯಲು ಕಾರ್ಯಕ್ರಮಗಳ ಕಾಲ ಹೆಚ್ಚುಕಮ್ಮಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ಆಮೇಲೆ ಸೆಕೆ, ಅದರ ಹಿಂದೆಯೇ ಮಳೆ. ಈ ಅವಧಿಯಲ್ಲಿ ದಕ್ಷಿಣ ಕನ್ನಡದ ಕರಾವಳಿ ಉತ್ಸವ ಬರುತ್ತದೆ, ಅದರ ಜೊತೆಗೆ ಬೀಚ್ ಉತ್ಸವ ಬರುತ್ತದೆ, ಮೂಡುಬಿದಿರೆಯಲ್ಲಿ ಆಳ್ವಾಸ್ ವಿರಾಸತ್ ನಡೆಯುತ್ತದೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ. ಅದರ ಹಿಂದಿನ ರಾತ್ರಿ ಊರಿಗೆ ನಿದ್ದೆಯೇ ಇಲ್ಲ, ಅಲ್ಲಲ್ಲಿ ರಸಮಂಜರಿ ವೇದಿಕೆಗಳು. ಪಣಂಬೂರು, ತಣ್ಣೀರುಬಾವಿ, ಕದ್ರಿ ಪಾರ್ಕ್, ಲಾಲ್‌ಬಾಗ್‌ನ ಕರಾವಳಿ ಉತ್ಸವ ಮೈದಾನ, ಅತ್ತ ಮಲ್ಪೆ ಬೀಚ್. ನಿಮ್ಮ ಬ್ಯಾಂಡ್ ಬಂದರೆ ಬಹುಶಃ ಇವುಗಳಲ್ಲಿ ಒಂದಕ್ಕೆ ಬರುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಪೋಸ್ಟರ್ ನೋಡಿ ಕುಣಿಯಬೇಡಿ. ಹಳೆಯ ವರ್ಷದ ಪೋಸ್ಟರ್‌ಗಳು ಪ್ರತಿ ಡಿಸೆಂಬರ್‌ನಲ್ಲೂ ಮತ್ತೆ ತಿರುಗಾಡುತ್ತವೆ. ತಾರೀಕಿನ ಜೊತೆ ವಾರ ಹೊಂದುತ್ತದಾ ಎಂದು ಕ್ಯಾಲೆಂಡರ್ ನೋಡಿ. ಪೋಸ್ಟರ್‌ನಲ್ಲಿ 'ಶನಿವಾರ' ಅಂತಿದ್ದು ಈ ವರ್ಷ ಆ ತಾರೀಕು ಸೋಮವಾರ ಬಿದ್ದರೆ ಅದು ಹಳೆಯದು. ನಂತರ ಪೇಪರಿನ ಸ್ಥಳೀಯ ಪುಟದಲ್ಲಿ, ಬ್ಯಾಂಡಿನವರ ಇನ್‌ಸ್ಟಾಗ್ರಾಂ ಪುಟದಲ್ಲಿ ನೋಡಿ. ಎರಡೂ ಕಡೆ ಅದೇ ತಾರೀಕು ಇದ್ದರೆ ಖಾತ್ರಿ.

ಇನ್ನೊಂದು ವಿಷಯ. ಈ ತಿಂಗಳುಗಳಲ್ಲೇ ಮದುವೆ, ಶಾಲೆಯ ವಾರ್ಷಿಕೋತ್ಸವ, ನೇಮ, ಯಕ್ಷಗಾನ ಎಲ್ಲವೂ ಒಟ್ಟಿಗೆ ಬರುತ್ತವೆ. ಮಕ್ಕಳನ್ನು ನೋಡಿಕೊಳ್ಳಬೇಕಾದ ಅಜ್ಜಿಗೇ ಆ ದಿನ ಕುಟುಂಬದ ಮನೆಯಲ್ಲಿ ನೇಮ ಇರಬಹುದು. ಹಾಗಾಗಿ ಬ್ಯಾಂಡಿನ ತಾರೀಕು ಸಿಕ್ಕಿದ ದಿನವೇ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದೊಡ್ಡದಾಗಿ ಬರೆಯಿರಿ. ಪೆನ್ನಿನಲ್ಲೇ ಬರೆಯಿರಿ.

ಆಮಂತ್ರಣ ಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸಂಜೆ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಪೋಸ್ಟರ್‌ನಲ್ಲಿ 'ಸಂಜೆ 6ರಿಂದ' ಅಂತ ಇರುತ್ತದೆ. ನೀವು ಐದೂವರೆಗೆ ಓಡೋಡಿ ಹೋಗುತ್ತೀರಿ. ಆರಕ್ಕೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು. ಆಮೇಲೆ ಭಾಷಣ, ಸನ್ಮಾನ, ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ನಂತರ ಸ್ಥಳೀಯ ನೃತ್ಯ ಶಾಲೆಯ ಮಕ್ಕಳ ಡ್ಯಾನ್ಸ್. ಬ್ಯಾಂಡ್ ವೇದಿಕೆ ಹತ್ತುವಾಗ ಏಳೂವರೆ, ಕೆಲವೊಮ್ಮೆ ಎಂಟು. ಸಭಾ ಕಾರ್ಯಕ್ರಮ ಬೇಡ ಅಂತ ನಾನು ಹೇಳುವುದಿಲ್ಲ, ಊರಿನ ಹಣದಿಂದ ನಡೆಯುವ ಕಾರ್ಯಕ್ರಮದಲ್ಲಿ ಊರಿನವರಿಗೂ ವೇದಿಕೆ ಸಿಗಬೇಕು. ಆದರೆ ಅಜ್ಜಿ ನಿಮಗಾಗಿ ಬಿಟ್ಟುಕೊಟ್ಟದ್ದು ನಾಲ್ಕೈದು ಗಂಟೆ. ಅದರಲ್ಲಿ ಎರಡು ಗಂಟೆ ಭಾಷಣಕ್ಕೆ ಹೋದರೆ ಮೂರನೇ ಹಾಡಿನ ಹೊತ್ತಿಗೆ ನೀವು ವಾಚು ನೋಡಲು ಶುರು ಮಾಡುತ್ತೀರಿ.

ಆಮಂತ್ರಣ ಪತ್ರಿಕೆಯಲ್ಲಿ ಸಭೆಗೆ ಒಂದು ಸಮಯ, 'ಸಂಗೀತ ಸಂಜೆ'ಗೆ ಬೇರೆ ಸಮಯ ಹೆಚ್ಚಾಗಿ ಪ್ರತ್ಯೇಕ ಬರೆದಿರುತ್ತದೆ. ಎರಡನೆಯದನ್ನು ಹಿಡಿಯಿರಿ. ಅತಿಥಿಗಳ ಪಟ್ಟಿ ಉದ್ದ ಇದ್ದಷ್ಟು ಬ್ಯಾಂಡ್ ತಡ ಎಂದು ತಿಳಿಯಿರಿ. ಉತ್ಸವದ ಉದ್ಘಾಟನೆಯ ದಿನ ಮತ್ತು ಸಮಾರೋಪದ ದಿನ ಸಭೆ ಉದ್ದ, ನಡುವಿನ ದಿನಗಳಲ್ಲಿ ಕಡಿಮೆ.

ಮುಗಿಯುವ ಹೊತ್ತನ್ನು ಮಾತ್ರ ಸ್ವಲ್ಪ ನಂಬಿಕೆಯಿಂದ ಲೆಕ್ಕ ಹಾಕಬಹುದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ರಾಜ್ಯ ಸರ್ಕಾರ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನಕ್ಕಿಂತ ಹೆಚ್ಚಿಲ್ಲ. ಅಂದರೆ ಮಾಮೂಲಿಯಾಗಿ ಹತ್ತಕ್ಕೆ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿ: ಏಳೂವರೆಗೆ ಬ್ಯಾಂಡ್, ಏಳಕ್ಕೆ ನೀವು ಮೈದಾನದಲ್ಲಿ, ಆರಕ್ಕೆ ಮನೆಯಿಂದ ಹೊರಗೆ. ಸೂರ್ಯ ಮುಳುಗುವುದನ್ನೂ ನೋಡಬೇಕು ಅನಿಸಿದರೆ ಇನ್ನೂ ಬೇಗ ಹೊರಡಿ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ನೀರಿಗಿಳಿಯುತ್ತಾನೆ.

ಮಕ್ಕಳು ಯಾರ ಹತ್ತಿರ

ಹೆಚ್ಚಿನವರಿಗೆ ಅಜ್ಜ ಅಜ್ಜಿ. ಅವರು ದೂರದ ಊರಲ್ಲಿದ್ದರೆ ಚಿಕ್ಕಮ್ಮ, ಅತ್ತೆ, ಇಲ್ಲವೇ ಮಕ್ಕಳು ದಿನಾ ನೋಡುವ ಪಕ್ಕದ ಮನೆಯ ಅಕ್ಕ. ಮಗುವಿಗೆ ಮೊದಲೇ ಗುರುತಿರುವವರೇ ಆಗಬೇಕು. ಇದರಲ್ಲಿ ರಾಜಿ ಬೇಡ. ಆ ಸಂಜೆಯೇ ಮೊದಲ ಸಲ ಮಗುವನ್ನು ಬಿಡುವುದಾದರೆ ಅದಕ್ಕೂ ಮೊದಲು ಒಂದೆರಡು ಸಲ ಸಣ್ಣಮಟ್ಟಿಗೆ ಬಿಟ್ಟು ನೋಡಿ. ಮಾರ್ಕೆಟ್‌ಗೆ ಹೋಗಿ ಬನ್ನಿ, ದೇವಸ್ಥಾನಕ್ಕೆ ಹೋಗಿ ಬನ್ನಿ. ಒಂದು ಸಲವಾದರೂ ಕತ್ತಲಾದ ಮೇಲೆ ಹೋಗಿ. ಹಗಲು ಅಜ್ಜಿಯ ಸೊಂಟ ಬಿಡದ ಮಗು ರಾತ್ರಿ ಮಲಗುವ ಹೊತ್ತಿಗೆ ಅಮ್ಮನೇ ಬೇಕು ಅನ್ನಬಹುದು.

ಎಂಟು ತಿಂಗಳಿನಿಂದ ಒಂದೂವರೆ ವರ್ಷದವರೆಗಿನ ಮಕ್ಕಳು ಬಿಟ್ಟು ಹೋಗುವಾಗ ಜಾಸ್ತಿ ಅಳುತ್ತಾರೆ. ಅದು ಆ ವಯಸ್ಸಿನ ಗುಣ. ನಿಮ್ಮ ಮಗು ಆ ವಯಸ್ಸಿನಲ್ಲಿದ್ದರೆ ಹೋಗಬೇಡಿ ಅಂತಲ್ಲ, ಅಳುತ್ತದೆ ಎಂದು ಗೊತ್ತಿಟ್ಟುಕೊಂಡು ಹೋಗಿ.

ಅಜ್ಜಿಯನ್ನು ಕೇಳುವ ರೀತಿಯೂ ಮುಖ್ಯ. 'ಆ ದಿನ ಸ್ವಲ್ಪ ಕೆಲಸ ಇದೆ' ಎಂದು ಸುಳ್ಳು ಬೇಡ. "ಅಮ್ಮಾ, ನಮಗಿಬ್ಬರಿಗೂ ತುಂಬಾ ಇಷ್ಟದ ಬ್ಯಾಂಡ್ ಮಲ್ಪೆಗೆ ಬರ್ತಾ ಉಂಟು. ಹೋಗಿ ಬರ್ತೇವೆ, ಮಕ್ಕಳನ್ನು ನೋಡ್ಕೊಳ್ತೀರಾ?" ಎಂದು ನೇರ ಕೇಳಿ. ನಮ್ಮ ಹಿರಿಯರಿಗೆ ಇದು ಅರ್ಥವಾಗದ ಸಂಗತಿಯೇ ಅಲ್ಲ. ಅವರ ಕಾಲದಲ್ಲಿ ಚಾಪೆ, ಸೂಟೆ ಹಿಡಿದುಕೊಂಡು ಗದ್ದೆ ದಾಟಿ ಯಕ್ಷಗಾನ ಆಟ ನೋಡಲು ಹೋಗಿ ಬೆಳಗಾಗುವಾಗ ಮನೆಗೆ ಬಂದವರು ಅವರು. ಇಷ್ಟದ ಭಾಗವತರ ಪದ ಕೇಳಬೇಕೆಂದು ನಿದ್ದೆ ಬಿಟ್ಟವರಿಗೆ ನಿಮ್ಮ ಆಸೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಅಜ್ಜಿಗೆ ಎಪ್ಪತ್ತು ದಾಟಿದ್ದು ಮನೆಯಲ್ಲಿ ಎರಡು ವರ್ಷದ ಓಡುವ ಮಗು ಇದ್ದರೆ, ಒಬ್ಬರ ಮೇಲೇ ಹಾಕಬೇಡಿ. ಕಾಲೇಜಿಗೆ ಹೋಗುವ ತಂಗಿಯನ್ನೋ ಪಕ್ಕದ ಮನೆಯ ಹುಡುಗಿಯನ್ನೋ ಜೊತೆಗೆ ಕರೆಸಿ. ಮಗು ಎತ್ತಿಕೊಳ್ಳುವುದಕ್ಕೆ ಅವಳು, ಅನುಭವಕ್ಕೆ ಅಜ್ಜಿ.

ಮನೆ ಒಪ್ಪಿಸುವುದು

'ಅವರಿಗೆ ಎಲ್ಲ ಗೊತ್ತುಂಟು' ಎಂದು ಬಿಡಬೇಡಿ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಫೋನಿನಲ್ಲಿ ಕಳಿಸಿದ ಮೆಸೇಜು ಆ ಹೊತ್ತಿಗೆ ಕಾಣುವುದಿಲ್ಲ, ಕನ್ನಡಕ ಎಲ್ಲಿದೆಯೋ, ಫೋನ್ ಎಲ್ಲಿದೆಯೋ. ಹಾಳೆ ಹೀಗಿದ್ದರೆ ಸಾಕು:

'7 ಗಂಟೆ: ಇಬ್ಬರಿಗೂ ಊಟ. ಕುಚ್ಚಲಕ್ಕಿ ಗಂಜಿ ಕುಕ್ಕರ್‌ನಲ್ಲಿದೆ, ಬೀನ್ಸ್ ಪಲ್ಯ ಸಣ್ಣ ಪಾತ್ರೆಯಲ್ಲಿದೆ. ಚಿಕ್ಕವಳು ಹಠ ಮಾಡಿದರೆ ಮೊಸರು ಕಲಸಿ ಕೊಡಿ.
7.45: ಟಿವಿ ಬಂದ್. ಹಲ್ಲು ಉಜ್ಜಿಸಿ.
8.15: ಹಾಸಿಗೆ. ಸೊಳ್ಳೆ ಪರದೆ ಕಟ್ಟಿದೆ, ಅಂಚು ಒಳಗೆ ಸೇರಿಸಿ. ನೀಲಿ ಬೈರಾಸು ಕೈಯಲ್ಲಿ ಕೊಟ್ಟರೆ ಮಾತ್ರ ಮಲಗುತ್ತಾಳೆ.
ರಾತ್ರಿ ಎದ್ದರೆ: ನೀರು ಕೊಡಿ, ಲೈಟ್ ಹಾಕಬೇಡಿ.
ಜ್ವರ ಬಂದರೆ: ಮೊದಲು ನಮಗೆ ಫೋನ್. ಸಿರಪ್ ಮೇಲಿನ ಕಪಾಟಿನಲ್ಲಿದೆ, ಎಷ್ಟು ಎಂದು ಡಾಕ್ಟರ್ ಬರೆದ ಚೀಟಿ ಬಾಟಲಿಗೇ ಕಟ್ಟಿದೆ.
ನಾವು ಬರುವುದು: 11.30ರೊಳಗೆ.'

ಕೆಳಗೆ ನಿಮ್ಮಿಬ್ಬರ ನಂಬರು, ಪಕ್ಕದ ಮನೆಯವರ ನಂಬರು, ಮಕ್ಕಳ ಡಾಕ್ಟರ ನಂಬರು. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಗಾಬರಿಯಲ್ಲಿದ್ದಾಗ ನೆನಪಿಗೆ ಬರುವುದಿಲ್ಲ ಎಂದು ಮನೆಯ ವಿಳಾಸವನ್ನೂ ಬರೆಯಿರಿ. ಅಪಾರ್ಟ್‌ಮೆಂಟ್ ಹೆಸರು, ಮಹಡಿ, ಹತ್ತಿರದ ಗುರುತು.

ಪ್ಯಾರಾಸಿಟಮಾಲ್ ಸಿರಪ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮಕ್ಕಳಿಗೆ ಕೊಡುವ ಪ್ರಮಾಣ ತೂಕದ ಮೇಲೆ ಹೋಗುತ್ತದೆ, ಮತ್ತೆ ಒಂದೊಂದು ಬಾಟಲಿಯಲ್ಲಿ ಮದ್ದಿನ ಅಂಶ ಒಂದೊಂದು ರೀತಿ ಇರುತ್ತದೆ. ಅಣ್ಣನಿಗೆ ಕೊಟ್ಟಷ್ಟೇ ತಂಗಿಗೂ ಕೊಡುವ ಹಾಗಿಲ್ಲ. ಡಾಕ್ಟರ ಚೀಟಿಯನ್ನು ಆಯಾ ಬಾಟಲಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಅಳತೆಯ ಮುಚ್ಚಳ ಜೊತೆಗಿರಲಿ.

ಎದೆಹಾಲು ಕುಡಿಯುವ ಕೂಸಿದ್ದರೆ ಹಾಲು ತೆಗೆದಿಡುವ ಅಭ್ಯಾಸವನ್ನು ಎರಡು ವಾರ ಮೊದಲೇ ಶುರು ಮಾಡಿ. ಬಾಟಲಿಯಲ್ಲಿ ಅಥವಾ ಸಣ್ಣ ಲೋಟದಲ್ಲಿ ಕೂಸು ಕುಡಿಯುತ್ತದಾ ಎಂದು ಆ ದಿನ ಪರೀಕ್ಷೆ ಮಾಡುವುದು ಬೇಡ. ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ನಮ್ಮ ಮನೆಗಳಲ್ಲಿ ಡಿಸೆಂಬರ್‌ನಲ್ಲೂ ಸಂಜೆ 25ಕ್ಕಿಂತ ಜಾಸ್ತಿಯೇ ಬಿಸಿ, ಹಾಗಾಗಿ ತೆಗೆದ ಕೂಡಲೇ ಫ್ರಿಜ್‌ಗೆ ಇಡಿ. ಕೊಡುವಾಗ ಒಲೆ ಮೇಲೆ ಕಾಯಿಸುವುದು ಬೇಡ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿದು ಉಳಿದದ್ದನ್ನು ಎರಡು ಗಂಟೆಯೊಳಗೆ ಚೆಲ್ಲಬೇಕು. 'ಎಷ್ಟು ಕಷ್ಟಪಟ್ಟು ತೆಗೆದದ್ದು' ಎಂದು ಅಜ್ಜಿ ಪುನಃ ಫ್ರಿಜ್‌ಗೆ ಇಡುವ ಸಾಧ್ಯತೆ ಇರುತ್ತದೆ, ಅದನ್ನು ಬಾಯಲ್ಲೂ ಹೇಳಿ, ಹಾಳೆಯಲ್ಲೂ ಬರೆಯಿರಿ.

ಮಗುವಿಗೆ ಹೇಳಿಯೇ ಹೊರಡಿ

ಆಟಿಕೆ ಕೊಟ್ಟು, ಮೊಬೈಲ್ ಕೊಟ್ಟು, ಹಿಂಬಾಗಿಲಿನಿಂದ ಜಾರಿಕೊಳ್ಳುವುದು ಬೇಡ. ಆ ಹೊತ್ತಿಗೆ ಅಳು ತಪ್ಪುತ್ತದೆ, ನಿಜ. ಆದರೆ ಮರುದಿನದಿಂದ ನೀವು ಬಾತ್‌ರೂಮಿಗೆ ಹೋದರೂ ಮಗು ಹಿಂದೆ ಬರುತ್ತದೆ, ಹೇಳದೆ ಮಾಯವಾಗುತ್ತಾರೆ ಎಂದು ಅದಕ್ಕೆ ಗೊತ್ತಾಗಿರುತ್ತದೆ.

ಬಾಗಿಲ ಹತ್ತಿರ ಮಂಡಿಯೂರಿ ಕೂತು, ಮಗುವಿನ ಮುಖಕ್ಕೆ ಸಮನಾಗಿ, ಮೂರೇ ಮಾತು ಹೇಳಿ. "ಅಪ್ಪ ಅಮ್ಮ ಹಾಡು ಕೇಳ್ಲಿಕ್ಕೆ ಹೋಗ್ತೇವೆ. ನೀನು ಅಜ್ಜಿ ಹತ್ರ ಊಟ ಮಾಡಿ ಮಲಗ್ತೀ. ಬೆಳಿಗ್ಗೆ ಏಳುವಾಗ ನಾವು ಇಲ್ಲೇ ಇರ್ತೇವೆ." ಮುತ್ತು ಕೊಡಿ, ಎದ್ದು ನಿಲ್ಲಿ, ಚಪ್ಪಲಿ ಹಾಕಿ. ಅಳಲು ಶುರು ಮಾಡಿದರೆ ಮತ್ತೆ ಒಳಗೆ ಬಂದು ಎತ್ತಿಕೊಳ್ಳಬೇಡಿ. ಹಾಗೆ ಎರಡು ಸಲ ಮಾಡಿದರೆ ಅಳು ಮೂರು ಪಟ್ಟಾಗುತ್ತದೆ, ಅಜ್ಜಿಯ ಕಷ್ಟವೂ ಹಾಗೇ. ಕೆಳಗೆ ಗೇಟಿನ ಹತ್ತಿರ ಐದು ನಿಮಿಷ ನಿಂತು ಅಜ್ಜಿಗೆ ಫೋನ್ ಮಾಡಿ ನೋಡಿ. ಹೆಚ್ಚಿನ ಮಕ್ಕಳು ಅಷ್ಟರಲ್ಲಿ ಸುಮ್ಮನಾಗಿ ಬೇರೇನೋ ಆಡುತ್ತಿರುತ್ತಾರೆ.

ಸ್ವಲ್ಪ ದೊಡ್ಡ ಮಕ್ಕಳು 'ನಾನೂ ಬರ್ತೇನೆ' ಅನ್ನುತ್ತಾರೆ. ಇನ್ನೊಂದು ದಿನ ಅವರನ್ನೂ ಕರೆದುಕೊಂಡು ಹೋಗಿ, ಉತ್ಸವ ಹಲವು ದಿನ ಇರುತ್ತದಲ್ಲ. ಆದರೆ ಈ ದಿನ ನಿಮ್ಮಿಬ್ಬರದು, ಅದನ್ನು ಮಕ್ಕಳಿಗೆ ಹೇಳುವುದರಲ್ಲಿ ಸಂಕೋಚ ಬೇಡ.

ಮಗುವಿಗೆ ಸೌಖ್ಯ ಇಲ್ಲದಿದ್ದರೆ? ಇದನ್ನು ಸಂಜೆ ಆರಕ್ಕೆ ಬಾಗಿಲಲ್ಲಿ ನಿಂತು ಚರ್ಚೆ ಮಾಡಬೇಡಿ. ಮೊದಲೇ ಇಬ್ಬರೂ ಒಪ್ಪಿಕೊಳ್ಳಿ: ಮಧ್ಯಾಹ್ನ ನಾಲ್ಕು ಗಂಟೆಗೆ ಥರ್ಮಾಮೀಟರ್ ಇಡುವುದು. ಜ್ವರ, ವಾಂತಿ, ಭೇದಿ ಇದ್ದರೆ ಕಾರ್ಯಕ್ರಮ ಬಿಟ್ಟೆವು. ಬರೀ ನೆಗಡಿ ಆದರೆ ಹೊರಟೆವು. ನಾಲ್ಕರ ನಂತರ ಮನಸ್ಸು ಬದಲಾಯಿಸುವಂತಿಲ್ಲ.

ದಾರಿ

ಪಣಂಬೂರು ಪೇಟೆಯಿಂದ ಸುಮಾರು ಹತ್ತು ಕಿಲೋಮೀಟರ್. ಹೆದ್ದಾರಿಯಲ್ಲಿ ಕೊಟ್ಟಾರ ಚೌಕಿ ಮತ್ತು ಕೂಳೂರು ಸೇತುವೆ, ಈ ಎರಡು ಕಡೆ ಸಂಜೆ ವಾಹನ ನಿಲ್ಲುತ್ತದೆ. ಬಂದರಿನ ಲಾರಿಗಳೂ ಅದೇ ರಸ್ತೆಯಲ್ಲಿ. ಸುಮ್ನೆ ಒಂದು ಗಂಟೆ ಇಟ್ಟುಕೊಳ್ಳಿ. ಸ್ಟೇಟ್‌ಬ್ಯಾಂಕ್‌ನಿಂದ ಸುರತ್ಕಲ್ ಕಡೆಗೆ ಹೋಗುವ ಬಸ್ಸುಗಳಲ್ಲಿ ಹೋಗಿ ಪಣಂಬೂರಿನಲ್ಲಿ ಇಳಿದು ಬೀಚಿಗೆ ನಡೆಯಬಹುದು. ಹೋಗಲು ಬಸ್ಸು ಒಳ್ಳೆಯದು. ಬರುವಾಗ ನಂಬಬೇಡಿ, ರಾತ್ರಿ ಒಂಬತ್ತು ದಾಟಿದರೆ ಸಿಟಿ ಬಸ್ಸು ಕಾಣಸಿಗುವುದೇ ಕಡಿಮೆ. ರಿಕ್ಷಾ ಹತ್ತರ ಮೇಲೆ ಒಂದೂವರೆ ಪಟ್ಟು. ನಿಮ್ಮ ಬೀದಿಯಲ್ಲಿ ಪರಿಚಯದ ರಿಕ್ಷಾದವರಿದ್ದರೆ ಹೋಗಿ ಬರಲು ಅವರನ್ನೇ ಮೊದಲೇ ಗೊತ್ತು ಮಾಡಿ, ಕಾಯುವುದಕ್ಕೂ ಸೇರಿಸಿ ಬಾಡಿಗೆ ಮಾತಾಡಿಕೊಳ್ಳಿ.

ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟುವುದು ತುಂಬಾ ಚಂದ. ಆದರೆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ದೋಣಿ ಇರುವುದಿಲ್ಲ, ಕೂಳೂರು ಸುತ್ತಿಯೇ ಬರಬೇಕು. ಬೈಕನ್ನು ಬತ್ತೇರಿಯಲ್ಲಿ ಬಿಟ್ಟು ಹೋದರೆ ಕಷ್ಟ.

ಮಲ್ಪೆಗೆ ಉಡುಪಿಯಿಂದ ಆರೇ ಕಿಲೋಮೀಟರ್. ಆದರೆ ಕರಾವಳಿ ಜಂಕ್ಷನ್‌ನಿಂದ ಆದಿಉಡುಪಿ ದಾಟಿ ಹೋಗುವ ಆ ಒಂದು ರಸ್ತೆಗೇ ಎಲ್ಲರೂ ಬರುತ್ತಾರೆ, ಮೀನಿನ ಲಾರಿಯೂ ಸೇರಿ. ಬೀಚಿನ ಹತ್ತಿರದ ಪಾರ್ಕಿಂಗಿಗೆ ಆಸೆ ಪಡಬೇಡಿ. ಒಂದು ಕಿಲೋಮೀಟರ್ ಹಿಂದೆಯೇ, ವಾಪಸ್ ಹೋಗುವ ದಿಕ್ಕಿಗೆ ಮುಖ ಮಾಡಿ ಗಾಡಿ ನಿಲ್ಲಿಸಿ ನಡೆಯಿರಿ. ಮಂಗಳೂರಿನಿಂದ ಮಲ್ಪೆಗೆ ಹೋಗುವವರಿಗೆ ಹೆಜಮಾಡಿಯ ಟೋಲ್ ನಡುವೆ ಸಿಗುತ್ತದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ ನೋಡಿಕೊಳ್ಳಿ. ಅರವತ್ತು ಕಿಲೋಮೀಟರ್ ಹತ್ತಿರ ಬರುತ್ತದೆ, ಹಾಗಾಗಿ ಅಜ್ಜಿಗೆ ಹೇಳುವ ಸಮಯ ಹನ್ನೆರಡೂವರೆ. ಇಬ್ಬರಲ್ಲಿ ಗಾಡಿ ಬಿಡುವವರು ಕುಡಿಯುವುದಿಲ್ಲ, ಅದರಲ್ಲಿ ಮಾತೇ ಇಲ್ಲ.

ಚೀಲದಲ್ಲಿ ಏನು

ಕಡಿಮೆ ಇರಲಿ. ಕೂರಲು ತೆಳು ಚಾಪೆ ಅಥವಾ ಹಳೆಯ ಬೆಡ್‌ಶೀಟ್, ಏಕೆಂದರೆ ಮರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಹೂತು ವಾಲುತ್ತದೆ. ನೀರಿನ ಬಾಟಲಿ, ಪವರ್ ಬ್ಯಾಂಕ್, ಸೊಳ್ಳೆಗೆ ಹಚ್ಚುವ ಕ್ರೀಮು, ಸಣ್ಣ ಟಾರ್ಚ್, ಚಿಲ್ಲರೆ ದುಡ್ಡು. ನೆಟ್‌ವರ್ಕ್ ಹೋದರೆ ಚರುಮುರಿಯವನಿಗೆ ಯುಪಿಐ ಮಾಡಲು ಆಗುವುದಿಲ್ಲ. ಹೆಂಗಸರು ಒಂದು ಶಾಲು ಇಟ್ಟುಕೊಳ್ಳಿ, ಗಂಡಸರಿಗೆ ಟೋಪಿ. ಸಂಜೆ ಕಡಲಿನಿಂದ ಬೀಸುವ ಗಾಳಿ ಕತ್ತಲಾದ ಮೇಲೆ ನಿಂತು, ರಾತ್ರಿ ನೆಲದ ಕಡೆಯಿಂದ ತಣ್ಣಗೆ ಬೀಸುತ್ತದೆ. ಜನವರಿಯಲ್ಲಿ ಒಂಬತ್ತರ ಹೊತ್ತಿಗೆ ಇಬ್ಬನಿಯೂ ಬೀಳುತ್ತದೆ.

ಇಯರ್‌ಪ್ಲಗ್ ಎರಡು ಜೊತೆ. ದಯವಿಟ್ಟು ಇದನ್ನು ಬಿಡಬೇಡಿ. 85 ಡೆಸಿಬಲ್ ಶಬ್ದವನ್ನು ಕಿವಿ ಎಂಟು ಗಂಟೆ ತಡೆಯುತ್ತದೆ ಎಂದು ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ವೇದಿಕೆಯ ಹತ್ತಿರ ಅಷ್ಟು ಶಬ್ದ ಮಾಮೂಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಸಾಕು, ಆದರೆ ಹಾಕುವ ಕ್ರಮ ಗೊತ್ತಿರಬೇಕು. ಎರಡು ಬೆರಳಿನ ನಡುವೆ ಉರುಳಿಸಿ ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗೆ ತೂರಿಸಿ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ, ಅದು ಒಳಗೆ ಅರಳಿಕೊಳ್ಳುತ್ತದೆ. ಹಾಡು ಕೇಳಿಸುತ್ತದೆ, ಬರೀ ಶಬ್ದ ತಗ್ಗುತ್ತದೆ. ಕಾರ್ಯಕ್ರಮ ಮುಗಿದು ಮನೆಗೆ ಬಂದಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದಿಲ್ಲ. ರಾತ್ರಿ ಮಗು ಅತ್ತರೆ ಕೇಳಿಸಬೇಕಲ್ಲ!

ಊಟದ ವಿಷಯ ಬೇಗ ಮುಗಿಸುತ್ತೇನೆ. ಹೊರಡುವ ಮೊದಲು ನೀರುದೋಸೆಯೋ ಬನ್ಸೋ ಹೊಟ್ಟೆ ತುಂಬಾ ತಿಂದು ಹೊರಡಿ. ಅಲ್ಲಿ ಚರುಮುರಿ, ಗೋಳಿಬಜೆ ಸಿಗುತ್ತದೆ, ಆದರೆ ಬ್ಯಾಂಡ್ ಶುರುವಾಗುವ ಮೊದಲೇ ತಿನ್ನಿ. ನಡುವೆ ಎದ್ದು ಹೋದರೆ ಜಾಗವೂ ಹೋಗುತ್ತದೆ, ಹಾಡೂ ಹೋಗುತ್ತದೆ.

ಎಲ್ಲಿ ನಿಲ್ಲಬೇಕು

ಮುಂದಿನ ಸೋಫಾಗಳು ಗಣ್ಯರಿಗೆ, ಅದರ ಹಿಂದಿನ ಬಿಳಿ ಬಟ್ಟೆ ಕಟ್ಟಿದ ಕುರ್ಚಿಗಳು ಆಹ್ವಾನಿತರಿಗೆ. ಅಲ್ಲಿ ಜಾಗಕ್ಕಾಗಿ ಜಗಳ ಬೇಡ. ಒಳ್ಳೆಯ ಜಾಗ ಬೇರೆಯೇ ಇದೆ.

ಮೈದಾನದ ನಡುವೆ, ವೇದಿಕೆಗೆ ಎದುರಾಗಿ, ತಗಡಿನ ಅಥವಾ ಬಟ್ಟೆಯ ಮಾಡು ಹಾಕಿದ ಒಂದು ಸಣ್ಣ ಕಟ್ಟೆ ಇರುತ್ತದೆ. ಮಿಕ್ಸರ್, ಲೈಟಿನ ಬೋರ್ಡು ಇಟ್ಟುಕೊಂಡು ನಾಲ್ಕೈದು ಜನ ಕೂತಿರುತ್ತಾರೆ. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಬೀಳುವುದನ್ನು ಕೇಳಿಯೇ ಗಿಟಾರ್ ಎಷ್ಟು, ಡ್ರಮ್ ಎಷ್ಟು, ದನಿ ಎಷ್ಟು ಎಂದು ಹದ ಮಾಡುತ್ತಾನೆ. ಹಾಗಾಗಿ ಇಡೀ ಮೈದಾನದಲ್ಲಿ ಹಾಡು ಸರಿಯಾಗಿ ಕೇಳಿಸುವುದು ಆ ಕಟ್ಟೆಯ ಸುತ್ತ. ಅದರ ಎದುರಿಗೆ ಒಂದೆರಡು ಮಾರು ಮುಂದೆ ಚಾಪೆ ಹಾಸಿ. ಹಾಡಿನ ಪ್ರತಿ ಶಬ್ದ ಬಿಡಿಬಿಡಿಯಾಗಿ ಕೇಳುತ್ತದೆ. ವಯಲಿನ್ ಬಾರಿಸುವವನ ಕಮಾನು ಏಳುವುದು ಕಾಣುತ್ತದೆ, ಸ್ವರ ಅದೇ ಕ್ಷಣಕ್ಕೆ ಬರುತ್ತದೆ. ನೂರು ಮೀಟರ್ ಹಿಂದೆ ಕೂತರೆ ಶಬ್ದ ಸುಮಾರು 0.3 ಸೆಕೆಂಡು ತಡವಾಗಿ ತಲುಪುತ್ತದೆ. ಕೋಲು ಡ್ರಮ್ಮಿಗೆ ಬಿದ್ದಾದ ಮೇಲೆ ಪೆಟ್ಟು ಕೇಳುತ್ತದೆ.

ವೇದಿಕೆಯ ಎರಡೂ ಬದಿಯ ದೊಡ್ಡ ಸ್ಪೀಕರ್‌ಗಳ ಎದುರು ನಿಲ್ಲಬೇಡಿ. ಅಲ್ಲಿ ಎದೆ ನಡುಗುತ್ತದೆ, ಹಾಡು ಕೇಳುವುದಿಲ್ಲ. ಕುಣಿಯುವ ಆಸೆ ಇದ್ದರೆ ಎರಡು ಹಾಡಿಗೆ ಮುಂದೆ ಹೋಗಿ ಕುಣಿದು ಬನ್ನಿ, ತುಂಬಾ ಗಮ್ಮತ್ತು ಇರುತ್ತದೆ. ಕತ್ತಲಾದ ಮೇಲೆ ಕಡಲಿಗೆ ಮಾತ್ರ ಇಳಿಯಬೇಡಿ, ಮೊಣಕಾಲು ಮಟ್ಟಕ್ಕೂ ಬೇಡ. ಆ ಹೊತ್ತಿಗೆ ಜೀವರಕ್ಷಕರ ಕಣ್ಣು ನಿಮ್ಮ ಮೇಲಿರುವುದಿಲ್ಲ.

ಕೂತ ಕೂಡಲೇ ಒಂದು ಗುರುತು ಗೊತ್ತು ಮಾಡಿಕೊಳ್ಳಿ. ಜನಸಂದಣಿಯಲ್ಲಿ ತಪ್ಪಿದರೆ ಫೋನ್ ಸಿಗದಿದ್ದರೂ 'ಗೇಟಿನ ಬಲಗಡೆಯ ಐಸ್‌ಕ್ರೀಮ್ ಗಾಡಿ' ಎಂದು ಇಬ್ಬರಿಗೂ ಗೊತ್ತಿರಬೇಕು.

ಫೋನ್

ಸಾವಿರಾರು ಜನ ಒಂದೇ ಕಡೆ ಸೇರಿದಾಗ ಎಲ್ಲರ ಫೋನೂ ಒಂದೆರಡು ಟವರಿಗೇ ಜೋತುಬೀಳುತ್ತದೆ. ವಾಟ್ಸಾಪ್ ತಿರುಗುತ್ತಲೇ ಇರುತ್ತದೆ, ಕರೆ ಒಮ್ಮೊಮ್ಮೆ ಹೋಗುವುದಿಲ್ಲ. ಸಾದಾ ಎಸ್ಸೆಮ್ಮೆಸ್ ಮಾತ್ರ ಹೇಗೋ ನುಸುಳುತ್ತದೆ. ಇದನ್ನು ಅಜ್ಜಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ 'ಸ್ವಿಚ್ ಆಫ್ ಬರ್ತದೆ' ಎಂದು ಅವರಿಗೆ ಗಾಬರಿ.

ನನಗೆ ಸರಿಬಂದ ಕ್ರಮ ಇದು. ಮಕ್ಕಳು ಮಲಗಿದ ಮೇಲೆ ಅಜ್ಜಿ ಕಡೆಯಿಂದ ಒಂದು ಮಿಸ್ ಕಾಲ್: ಎಲ್ಲ ಸರಿಯಿದೆ, ಎತ್ತುವುದು ಬೇಡ. ಬೆನ್ನುಬೆನ್ನಿಗೆ ಎರಡು ಬಂದರೆ: ಹೊರಗೆ ಹೋಗಿ ಮಾತಾಡಿ. ಆಗ ನೀವು ವೇದಿಕೆಯಿಂದ ದೂರ, ರಸ್ತೆಯ ಕಡೆಗೆ ನಡೆಯಿರಿ, ಅಲ್ಲಿ ಸಿಗ್ನಲ್ ಸ್ವಲ್ಪ ವಾಸಿ. ಇಬ್ಬರಲ್ಲಿ ಒಬ್ಬರ ಫೋನ್ ಮಾತ್ರ ವೈಬ್ರೇಟ್‌ನಲ್ಲಿ, ಅಂಗಿಯ ಜೇಬಿನಲ್ಲಿ, ಎದೆಗೆ ತಾಗುವ ಹಾಗೆ ಇರಲಿ. ಇನ್ನೊಬ್ಬರದ್ದು ಚೀಲದಲ್ಲಿ. ಅರ್ಧಕ್ಕೆ ಬದಲಾಯಿಸಿಕೊಳ್ಳಿ. ಹೀಗೆ ಮಾಡಿದರೆ ಒಬ್ಬರಾದರೂ ಪೂರ್ತಿ ಹಾಡಿನಲ್ಲಿರಬಹುದು. ಹತ್ತು ನಿಮಿಷಕ್ಕೊಮ್ಮೆ ಇಬ್ಬರೂ ಫೋನ್ ನೋಡುತ್ತಾ ಕೂತರೆ ಮನೆಯಲ್ಲೇ ಇದ್ದ ಹಾಗೆ.

ವಿಡಿಯೋ ಒಂದೇ ಹಾಡಿಗೆ ಸಾಕು. ನಿಮಗಿಬ್ಬರಿಗೂ ಇಷ್ಟದ ಹಾಡು ಬಂದಾಗ ಫೋನ್ ಒಳಗಿರಲಿ.

ವಾಪಸ್ ಬರುವುದು

ಕೊನೆಯ ಹಾಡಿಗೆ ಮೊದಲೇ ಎದ್ದು ಓಡುವವರಿದ್ದಾರೆ. ಟ್ರಾಫಿಕ್ ತಪ್ಪುತ್ತದೆ, ಒಪ್ಪುತ್ತೇನೆ. ಆದರೆ ಬ್ಯಾಂಡಿನವರು ಅತಿ ಒಳ್ಳೆಯ ಹಾಡನ್ನು ಕೊನೆಗೇ ಇಟ್ಟುಕೊಂಡಿರುತ್ತಾರೆ. ಅದಕ್ಕೇ ಅಲ್ವಾ ಹೋಗಿದ್ದು? ನನ್ನ ಸಲಹೆ, ಕೊನೆಯವರೆಗೆ ಕೂತು, ಆಮೇಲೆ ಅರ್ಧ ಗಂಟೆ ಅಲ್ಲೇ ಇರಿ. ಜನ ಕರಗುತ್ತಾರೆ. ಚಾಪೆಯ ಮರಳು ಕೊಡವಿ, ಒಂದು ಚಹಾ ಕುಡಿಯಿರಿ, ನಿಧಾನ ನಡೆಯಿರಿ. ಇಬ್ಬರೇ ಕೂತು ಮಕ್ಕಳ ಹೋಮ್‌ವರ್ಕ್ ಬಿಟ್ಟು ಬೇರೆ ಮಾತಾಡಲು ಸಿಗುವ ಹೊತ್ತು ಅದು. ಈ ಅರ್ಧ ಗಂಟೆಯನ್ನು ಸೇರಿಸಿಯೇ ಅಜ್ಜಿಗೆ ಸಮಯ ಹೇಳಿರಬೇಕು. ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲು ಬಂದರೆ ಅವರಿಗೆ ಸಂತೋಷ, ಹತ್ತು ನಿಮಿಷ ತಡವಾದರೆ ಕಿಟಕಿ ಹತ್ತಿರ ನಿಂತಿರುತ್ತಾರೆ.

ಹೊರಡುವಾಗ 'ಹೊರಟೆವು' ಎಂದು ಎಸ್ಸೆಮ್ಮೆಸ್ ಹಾಕಿ. ಮನೆಗೆ ಬಂದು ಕಾಲಿಂಗ್ ಬೆಲ್ ಒತ್ತಬೇಡಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಅಜ್ಜಿಯನ್ನು ಆ ರಾತ್ರಿ ಅವರ ಮನೆಗೆ ಕಳಿಸುವ ಯೋಚನೆ ಬೇಡ. ಅವರಿಗೆ ಹಾಸಿಗೆ ನೀವು ಹೊರಡುವ ಮೊದಲೇ ಹಾಸಿಟ್ಟಿರಿ.

ಬೆಳಿಗ್ಗೆ ಮಕ್ಕಳು ಆರಕ್ಕೇ ಏಳುತ್ತಾರೆ, ರಾತ್ರಿ ನೀವು ಎಷ್ಟಕ್ಕೆ ಮಲಗಿದಿರಿ ಎಂದು ಅವರಿಗೆ ಲೆಕ್ಕ ಇಲ್ಲ. ಇಬ್ಬರಲ್ಲಿ ಮೊದಲು ಏಳುವವರು ಯಾರು ಎಂದು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ. ದೋಸೆ ಹಿಟ್ಟು ರುಬ್ಬಿಟ್ಟಿದ್ದರೆ ಬೆಳಗಿನ ತಿಂಡಿಗೆ ತಲೆಬಿಸಿ ಇಲ್ಲ.

ತಿಂಡಿಯ ಹೊತ್ತಿಗೆ ಅಜ್ಜಿಯ ಹತ್ತಿರ ಕೂತು ರಾತ್ರಿ ಏನೇನಾಯಿತು ಎಂದು ಪೂರ್ತಿ ಕೇಳಿ. ಗಂಜಿ ಎಷ್ಟು ಉಂಡರು, ಎಷ್ಟಕ್ಕೆ ಮಲಗಿದರು, ಹಾಳೆಯಲ್ಲಿ ಏನು ಬಿಟ್ಟುಹೋಗಿತ್ತು. ಬಿಟ್ಟುಹೋದದ್ದನ್ನು ಅದೇ ಹಾಳೆಯಲ್ಲಿ ಬರೆದು ಎತ್ತಿಡಿ, ಇನ್ನೊಂದು ಸಲಕ್ಕೆ ಬೇಕಾಗುತ್ತದೆ. ಮತ್ತೆ ಅವರ ಇಷ್ಟದ ಮೇಳದ ಆಟ ಹತ್ತಿರದಲ್ಲಿ ಯಾವಾಗ ಇದೆ ಎಂದು ಪೇಪರಿನಲ್ಲಿ ನೋಡಿ. ಆ ರಾತ್ರಿ ಮಕ್ಕಳನ್ನು ನೋಡಿಕೊಳ್ಳುವುದು ನಿಮ್ಮ ಸರದಿ. ಅಜ್ಜ ಅಜ್ಜಿಗೆ ರಿಕ್ಷಾ ಗೊತ್ತು ಮಾಡಿ, ಚಾಪೆ, ಶಾಲು, ಫ್ಲಾಸ್ಕಿನಲ್ಲಿ ಕಾಫಿ ಹಾಕಿ ಕಳಿಸಿಕೊಡಿ.